ಟೈಲರಕ್ಕನ ಒಣಬಾಯಿ

ಆರು ತಿಂಗಳಲ್ಲಿ ಟೈಲರಕ್ಕನ ಮೂರನೆಯ ಹಲ್ಲು ಮುರಿಯಿತು. ಕಲ್ಲು ಕಚ್ಚಿದ್ದಲ್ಲ, ಬ್ರೆಡ್ಡಿನ ಅಂಚು ಕಚ್ಚಿದ್ದು. ಅಂದಿನಿಂದ ಗಿರಾಕಿಗಳ ಮುಂದೆ ಅವರು ತುಟಿ ಬಿಚ್ಚಲಿಲ್ಲ. ಅಳತೆ ತೆಗೆಯುವಾಗ "ಕೈ ಎತ್ತಿ" ಎನ್ನುವುದನ್ನೂ ಸನ್ನೆಯಲ್ಲೇ ಹೇಳುತ್ತಿದ್ದರು.

ಮೇಲಿನ ಮನೆಯ ನರ್ಸ್ ಹಲ್ಲಿನ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದಳು. ತನ್ನ ಯೂನಿಫಾರ್ಮ್ ಒಯ್ಯಲು ಬಂದಾಗ ಅವಳಿಗೆ ವಿಷಯ ತಿಳಿಯಿತು.

"ಸಾಕಾಗಿದೆ ಕಣೇ" ಎಂದರು ಟೈಲರಕ್ಕ. "ಉಳಿದಿರೋದನ್ನೂ ಕಿತ್ತು ಸೆಟ್ ಕಟ್ಟೋಕೆ ಹೇಳು ನಿಮ್ಮ ಡಾಕ್ಟ್ರಿಗೆ."

"ಎರಡು ಹೊತ್ತೂ ಹಲ್ಲುಜ್ಜೋರು ನೀವು. ನಿಮಗ್ಯಾಕಕ್ಕ ಹೀಗೆ?" ನರ್ಸ್‌ನ ಕಣ್ಣು ಹೊಲಿಗೆ ಮಷಿನ್ ಪಕ್ಕದ ಡಬ್ಬಿಯ ಮೇಲೆ ಬಿತ್ತು. "ಇದೇನು?"

"ಪೆಪ್ಪರ್‌ಮಿಂಟು. ನಾಲಿಗೆ ಒಣಗಿ ಮೇಲಕ್ಕೆ ಅಂಟ್ಕೊಳತ್ತೆ. ಒಂದು ಚೀಪಿದ್ರೆ ಹಾಯಾಗತ್ತೆ."

"ದಿನಕ್ಕೆಷ್ಟು?"

"ಹದಿನೈದೋ ಇಪ್ಪತ್ತೋ. ಯಾರು ಲೆಕ್ಕ ಇಡ್ತಾರೆ?"

ಇಸ್ತ್ರಿ ಹಾಕುತ್ತಿದ್ದ ಗಂಡ ನಕ್ಕ. "ಬಾಯಿ ಒಣಗೋದೂ ಒಂದು ರೋಗವೇನಮ್ಮ? ವಯಸ್ಸಾಯ್ತು, ಒಣಗತ್ತೆ. ಎರಡು ಲೋಟ ನೀರು ಕುಡಿದ್ರೆ ಮುಗೀತು."

"ನೀರು ಆ ಕ್ಷಣಕ್ಕಷ್ಟೇ ಭಾವ. ಹಲ್ಲು ಕಾಯೋದು ಉಗುಳು. ಅದಿಲ್ಲ ಅಂದ್ರೆ ಸಕ್ಕರೆ ಹಲ್ಲಿನ ಬುಡದಲ್ಲೇ ಕೂತ್ಕೊಂಡು ಹಾಳು ಮಾಡತ್ತೆ. ಅಕ್ಕ, ನಾಳೆ ಬನ್ನಿ. ನೀವು ನುಂಗೋ ಮಾತ್ರೆಗಳನ್ನೂ ತನ್ನಿ."

"ಹಲ್ಲಿಗೂ ಮಾತ್ರೆಗೂ ಎಲ್ಲಿಂದೆಲ್ಲಿಯ ನಂಟು!" ಎಂದ ಗಂಡ. ಆದರೂ ಮರುದಿನ ಜೊತೆಗೆ ಹೋದ.

ಡಾಕ್ಟರಮ್ಮ ಬಾಯೊಳಗಿಟ್ಟ ಪುಟ್ಟ ಕನ್ನಡಿ ಕೆನ್ನೆಗೆ ಅಂಟಿಕೊಂಡಿತು. ನಾಲಿಗೆ ಕೆಂಪಾಗಿ ಬಿರುಕುಬಿಟ್ಟಿತ್ತು. ಅವರು ಒಂದು ಲೋಟ ಕೊಟ್ಟು, "ಐದು ನಿಮಿಷ ಬಾಯಲ್ಲಿ ಊರಿದ್ದನ್ನೆಲ್ಲ ಇದಕ್ಕೆ ಉಗುಳಿ" ಎಂದರು. ಐದು ನಿಮಿಷವಾದರೂ ಲೋಟದ ತಳ ಸರಿಯಾಗಿ ಒದ್ದೆಯಾಗಲಿಲ್ಲ. ಬಗ್ಗಿ ನೋಡಿದ ಗಂಡನ ನಗು ನಿಂತಿತು.

ಡಾಕ್ಟರಮ್ಮ ತಂದಿದ್ದ ಮಾತ್ರೆಗಳನ್ನು ನೋಡಿದರು. "ಈ ಸೀನಿನ ಮಾತ್ರೆ ಯಾರು ಬರೆದುಕೊಟ್ಟಿದ್ದು?"

"ಯಾರೂ ಇಲ್ಲ. ಬಟ್ಟೆ ಧೂಳಿಗೆ ಸೀನು ಬರತ್ತೆ ಅಂತ ಅಂಗಡೀಲಿ ಕೇಳಿ ತಗೊಂಡೆ. ಮೂರು ವರ್ಷದಿಂದ ದಿನಾ ಒಂದು."

"ಇದು ಮೂಗಿನ ಜೊತೆ ಬಾಯನ್ನೂ ಒಣಗಿಸತ್ತೆ. ನೀವು ನುಂಗೋ ಈ ಬಿಪಿ ಮಾತ್ರೆಯಿಂದಲೂ ಕೆಲವರಿಗೆ ಹೀಗಾಗತ್ತೆ. ಆದ್ರೆ ಅದನ್ನ ನೀವಾಗಿ ನಿಲ್ಲಿಸಬಾರದು. ಬಿಪಿ ನೋಡೋ ನಿಮ್ಮ ಡಾಕ್ಟ್ರಿಗೆ ಚೀಟಿ ಕೊಡ್ತೀನಿ. ಸಕ್ಕರೆ ಕಾಯಿಲೆ ಇದ್ರೂ ಬಾಯಿ ಒಣಗತ್ತೆ, ಅದಕ್ಕೂ ರಕ್ತ ಪರೀಕ್ಷೆ ಮಾಡಿಸಿ."

"ಅದೆಲ್ಲ ಬೇಡ. ಎಲ್ಲ ಕಿತ್ತು ಸೆಟ್ ಕಟ್ಟಿ."

"ಸೆಟ್ಟನ್ನ ಹಿಡಿದು ನಿಲ್ಲಿಸೋದೂ ಉಗುಳೇ ಕಣಮ್ಮ. ಒಣಬಾಯಲ್ಲಿ ಅದು ಜಾರತ್ತೆ, ವಸಡು ಉಜ್ಜಿ ಹುಣ್ಣಾಗತ್ತೆ."

ಟೈಲರಕ್ಕನ ಕಣ್ಣು ತುಂಬಿತು. "ಹಾಗಾದ್ರೆ ನಂಗೆ ದಾರೀನೇ ಇಲ್ವಾ?"

"ಇದೆ. ಮೊದಲು ಆ ಪೆಪ್ಪರ್‌ಮಿಂಟ್ ಬಿಡಿ."

ರಕ್ತದಲ್ಲಿ ಸಕ್ಕರೆ ಸರಿಯಾಗಿತ್ತು. ಬಿಪಿ ನೋಡುವ ಡಾಕ್ಟರು ಚೀಟಿ ಓದಿ ಸೀನಿನ ಮಾತ್ರೆ ಬದಲಿಸಿದರು, ಬಿಪಿ ಮಾತ್ರೆ ಮುಂದುವರಿಸಿದರು. ಬಟ್ಟೆ ಕತ್ತರಿಸುವಾಗ ಟೈಲರಕ್ಕ ಮಾಸ್ಕ್ ಕಟ್ಟತೊಡಗಿದರು. ಉಗುಳು ಊರಲೆಂದು ಸಕ್ಕರೆಯಿಲ್ಲದ ಚೂಯಿಂಗ್ ಗಮ್ ಅಗಿಯುವುದು, ಆಗಾಗ ಒಂದೊಂದು ಗುಟುಕು ನೀರು, ಫ್ಲೋರೈಡ್ ಇರುವ ಪೇಸ್ಟು, ಮಲಗುವ ಮುಂಚೆ ಬಾಯಿ ಒಣಗದಂತೆ ಸವರಿಕೊಳ್ಳಲು ಡಾಕ್ಟರಮ್ಮ ಕೊಟ್ಟ ಜೆಲ್ ಇವೆಲ್ಲ ರೂಢಿಯಾದವು. ಮೂರು ತಿಂಗಳಿಗೊಮ್ಮೆ ಆಸ್ಪತ್ರೆಯಲ್ಲಿ ಹಲ್ಲಿಗೆ ಫ್ಲೋರೈಡ್ ಲೇಪನವೂ ಆಯಿತು.

ಎರಡು ಹಲ್ಲು ಉಳಿಯಲಿಲ್ಲ. ಉಳಿದ ಹುಳುಕುಗಳನ್ನು ತುಂಬಿದರು. ಬಾಯಿ ಮೊದಲಿನಷ್ಟು ಒದ್ದೆಯಾಗದಿದ್ದರೂ ತುತ್ತು ಇಳಿಯುತ್ತದೆ, ಹೊಸ ಹುಳುಕು ಹುಟ್ಟಿಲ್ಲ. "ಗುಟುಕು ಕುಡಿದ್ಯಾ?" ಎಂದು ಗಂಟೆಗೊಮ್ಮೆ ಕೇಳುವವನು ಈಗ ಗಂಡನೇ. ಕಳೆದ ವಾರ ತನ್ನ ಅಣ್ಣನಿಗೂ ಬಾಯಿ ಒಣಗುತ್ತದೆಂದು ತಿಳಿದಾಗ, ಅವರನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದವನೂ ಅವನೇ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಒಣ ತಿಂಡಿ ನುಂಗಲು ಪ್ರತಿ ತುತ್ತಿಗೂ ನೀರು ಬೇಕೆ? ಮಾತಿನ ನಡುವೆ ನಾಲಿಗೆ ಅಂಟುತ್ತದೆಯೆ? ವಯಸ್ಸಾಯಿತೆಂದು ಸುಮ್ಮನಿರಬೇಡಿ. ಹೊಗೆಸೊಪ್ಪು, ಸಿಗರೇಟು ಬಿಡಿ, ಅವು ಬಾಯನ್ನು ಇನ್ನಷ್ಟು ಕೆಡಿಸುತ್ತವೆ. ಹತ್ತಿರದ ಹಲ್ಲಿನ ವೈದ್ಯರ ಬಳಿ ಹೋಗಿ, ನಾಚಿಕೊಳ್ಳದೆ ಬಾಯಿಬಿಟ್ಟು ಹೇಳಿ: "ನನ್ನ ಬಾಯಿ ಒಣಗುತ್ತದೆ."