ಚೌಕಟ್ಟಿನಲ್ಲಿ ಒಬ್ಬರಿಗಷ್ಟೇ ಜಾಗ

ಹೋಟೆಲುಗಳ ಬೆಡ್‌ಶೀಟು, ಟವೆಲುಗಳನ್ನು ಒಗೆದು ಇಸ್ತ್ರಿ ಮಾಡಿ ಕಳಿಸುವ ಆ ಲಾಂಡ್ರಿಯಲ್ಲಿ ಸೂಪರ್‌ವೈಸರನನ್ನು ಎಲ್ಲರೂ ‘ತಮ್ಮ’ ಎಂದೇ ಕರೆಯುತ್ತಿದ್ದರು. ಮೀಸೆ ನರೆಯತೊಡಗಿತ್ತು, ಜೇಬಿನಲ್ಲಿ ಸದಾ ಪೆನ್ನು ಇರುತ್ತಿತ್ತು, ಆದರೂ ತಮ್ಮ. ಇದಕ್ಕೆ ಕಾರಣ ಅವನ ಅಕ್ಕ. ಅವನನ್ನು ಇಲ್ಲಿ ಕೆಲಸಕ್ಕೆ ಸೇರಿಸಿದವಳು ಅವಳೇ. “ಇವ್ನು ನನ್ ತಮ್ಮ, ಸ್ವಲ್ಪ ನೋಡ್ಕೊಳ್ಳಿ” ಎಂದು ಅಂದು ಎಲ್ಲರೆದುರು ಹೇಳಿದ್ದಳು. ಆ ದಿನ ಅಂಟಿದ ಹೆಸರು ಲಾಂಡ್ರಿಯ ಯಾವ ಸೋಪಿಗೂ ಹೋಗಲಿಲ್ಲ.

ಅವನು ಮೇಲೇರಿದ, ಅಕ್ಕ ಮಡಿಸುವ ಮೇಜಿನ ಬಳಿಯೇ ಉಳಿದಳು. ಬೆಡ್‌ಶೀಟು ಮಡಿಸುವುದು ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಇಸ್ತ್ರಿ ಮೆಷಿನ್ನಿನ ಬಿಸಿ ಉರುಳೆಯಿಂದ ಹೊರಬಂದ ಶೀಟನ್ನು ಆ ತುದಿ ಒಬ್ಬರು, ಈ ತುದಿ ಒಬ್ಬರು ಹಿಡಿದು, ಒಮ್ಮೆ ಕೊಡವಿ, ಎದುರುಬದುರು ನಡೆದು ಬಂದು ತುದಿಗೆ ತುದಿ ಕೂಡಿಸಬೇಕು. ಅಕ್ಕನ ಎದುರಿಗೆ ನಿಲ್ಲುತ್ತಿದ್ದವಳು ರೇಡಿಯೋ. ಬಾಯಿಗೆ ಬಿಡುವೇ ಕೊಡದ ಹೆಂಗಸಾದ್ದರಿಂದ ಆ ಹೆಸರು. ಆ ತುದಿಯಲ್ಲಿ ಶುರುವಾದ ಅವಳ ಕಥೆ ತುದಿಗಳು ಕೂಡುವ ಹೊತ್ತಿಗೆ ಒಂದು ಘಟ್ಟಕ್ಕೆ ಬಂದು ನಿಲ್ಲುತ್ತಿತ್ತು. ಮಿಕ್ಕಿದ್ದು ಮುಂದಿನ ಶೀಟಿಗೆ. ಅಕ್ಕ ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಿದ್ದಳು, ಕೈ ಮಾತ್ರ ನಿಲ್ಲುತ್ತಿರಲಿಲ್ಲ. ಇಬ್ಬರನ್ನೂ ಸೇರಿಸಿ ಜನ ‘ಕತ್ತರಿ’ ಎನ್ನುತ್ತಿದ್ದರು. ಕತ್ತರಿ ಮಡಿಸಿದ ಶೀಟು ಸರಿಯಿಲ್ಲವೆಂದು ಯಾವ ಹೋಟೆಲಿನಿಂದಲೂ ವಾಪಸು ಬಂದದ್ದಿಲ್ಲ.

ಹೀಗೆ ಸುಸೂತ್ರವಾಗಿ ನಡೆಯುತ್ತಿದ್ದಾಗ ಮಾಲೀಕರು ತಮ್ಮನನ್ನು ತರಬೇತಿಗೆ ಕಳಿಸಿದರು. ಕೆಲಸಗಾರರಲ್ಲಿ ಹುರುಪು ತುಂಬುವುದು ಹೇಗೆಂದು ಒಬ್ಬ ಕೋಟಿನವನು ದಿನವಿಡೀ ಹೇಳಿದ. “ಒಬ್ಬರನ್ನ ಎತ್ತಿ ತೋರಿಸಿ, ಉಳಿದವ್ರು ತಾವಾಗೇ ಏಳ್ತಾರೆ” ಎಂದ. ಮಾತು ಪೂರ್ತಿ ಸುಳ್ಳೇನಲ್ಲ, ಹೊಗಳಿಕೆ ಬೇಡವೆನ್ನುವವರು ಯಾರಿದ್ದಾರೆ? ಆದರೆ ಯಾರಿಗೆ ಏನು ಬೇಕಾಗಿದೆ ಎಂದು ಮೊದಲು ಕೇಳಿ ನೋಡಿ ಅಂತ ಕೋಟಿನವನು ಹೇಳಲಿಲ್ಲ, ನಮ್ಮ ತಮ್ಮನಿಗೂ ಹೊಳೆಯಲಿಲ್ಲ. ಬರುವ ದಾರಿಯಲ್ಲೇ ಗಾಜಿನ ಚೌಕಟ್ಟು ಕೊಂಡ. ಮೇಲೆ ‘ತಿಂಗಳ ತಾರೆ’ ಎಂದು ಬರೆಸಿದ. ಕೆಳಗೆ ಒಂದೇ ಒಂದು ಫೋಟೋಗೆ ಜಾಗ.

ಮೊದಲ ತಾರೆ ಯಾರೆಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಕತ್ತರಿಯನ್ನು ಬಿಟ್ಟು ಇನ್ನಾರು? ತಮ್ಮನಿಗೆ ನಿದ್ದೆ ಕೆಟ್ಟದ್ದು ಆಮೇಲೆ. ಇಬ್ಬರಲ್ಲಿ ಯಾರು? ಅಕ್ಕನನ್ನು ಆರಿಸಿದರೆ ‘ಮನೆಯವರಿಗೇ ಮಣೆ ಹಾಕಿದ’ ಎನ್ನುತ್ತಾರೆ. ಮೊದಲೇ ಬಾಯಿತುಂಬ ತಮ್ಮ ತಮ್ಮ ಎನ್ನುವ ಜನ. ಇಬ್ಬರ ಫೋಟೋವನ್ನೂ ಒತ್ತಿ ಕೂರಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ಈಗ ಅವನೂ ತನ್ನನ್ನು ಅದನ್ನೇ ಕೇಳಿಕೊಳ್ಳುತ್ತಾನೆ.

ಅವನು ರೇಡಿಯೋಳನ್ನು ಆರಿಸಿದ. ಅಷ್ಟಕ್ಕೇ ಬಿಟ್ಟಿದ್ದರೂ ನಡೆಯುತ್ತಿತ್ತೇನೋ. ಬೆಳಗಿನ ಸಭೆಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದ ಮೇಲೆ ಯಾರೋ ಹಿಂದಿನಿಂದ, “ಅಕ್ಕ ಯಾಕಲ್ಲ?” ಎಂದು ಕೇಳಿದರು. ತಮ್ಮ ಗಂಟಲು ಸರಿಮಾಡಿಕೊಂಡು, “ಇಬ್ರಲ್ಲಿ ಇವ್ರ ಕೈ ಚುರುಕು. ಅಕ್ಕಂಗೆ ವಯಸ್ಸಾಯ್ತಲ್ಲ, ಇವ್ರೇ ಎಳ್ಕೊಂಡ್ ಹೋಗ್ತಿದಾರೆ” ಎಂದುಬಿಟ್ಟ.

ಶುದ್ಧ ಸುಳ್ಳು. ರೇಡಿಯೋಳ ಭುಜ ಹಿಡಿದುಕೊಂಡು ಎಷ್ಟೋ ಕಾಲವಾಗಿತ್ತು. ಉರುಳೆಯ ಬಳಿಯ ಬಿಸಿ ತುದಿಯನ್ನು ಹಿಡಿಯುತ್ತಿದ್ದವಳು, ಕೊಡವುವ ಭಾರವನ್ನೆಲ್ಲ ತನ್ನ ಕಡೆಗೆ ಎಳೆದುಕೊಳ್ಳುತ್ತಿದ್ದವಳು ಅಕ್ಕ. ಯಾರಿಗೂ ತಿಳಿಯದ ಹಾಗೆ ಮಾಡುತ್ತಿದ್ದಳು. ಅವರಿಬ್ಬರನ್ನು ಬಿಟ್ಟರೆ ತಮ್ಮನಿಗೆ ಮಾತ್ರ ತಿಳಿದಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುವುದು ಅವನಿಗೆ ಆಗಲೇ ನೆನಪಾಗಬೇಕಿತ್ತು. ಅಕ್ಕ ಅವನನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು.

ಅಂದಿನಿಂದ ಕತ್ತರಿಯ ಮೇಜಿನಲ್ಲಿ ಏನೋ ಎಡವಟ್ಟಾಯಿತು. ಚುರುಕು ಅನ್ನಿಸಿಕೊಂಡವಳು ಚುರುಕಾಗಿರಲೇಬೇಕಲ್ಲ? ರೇಡಿಯೋ ನೋಯುವ ಭುಜದಲ್ಲೇ ರಭಸದಿಂದ ಎಳೆಯತೊಡಗಿದಳು. ತಾನು ಭಾರ ಹೊತ್ತರೆ ಅವಳನ್ನು ಹಂಗಿಸಿದ ಹಾಗಾಗುತ್ತದೆಂದು ಅಕ್ಕ ಕೈ ಸಡಿಲ ಬಿಟ್ಟಳು. ಅಂಚಿಗೆ ಅಂಚು ಕೂಡದಾಯಿತು. ಕಥೆಗಳು ನಿಂತವು. ಮಾತಿಲ್ಲದ ಆ ಮೇಜಿನ ಬಳಿ ತಮ್ಮ ನಿಲ್ಲುವುದನ್ನೇ ಬಿಟ್ಟ.

ಒಂದು ಮಧ್ಯಾಹ್ನ ರೇಡಿಯೋ ಅವನ ಕೋಣೆಗೆ ಬಂದಳು. “ತಮ್ಮಾ, ಆ ಫೋಟೋ ತೆಗ್ದ್‌ಬಿಡಪ್ಪ. ನೋಡ್ದಾಗೆಲ್ಲ ಕಳ್ಳಿ ಥರ ಅನ್ನಿಸ್ತದೆ.”

“ಮಾಲೀಕ್ರು ನೋಡಿ ಮೆಚ್ಕೊಂಡಿದಾರೆ. ಈ ತಿಂಗ್ಳು ಮುಗೀಲಿ.”

“ಅವ್ಳು ನನ್ ಹತ್ರ ಮಾತಾಡ್ತಾಳೆ, ಇಲ್ಲಾ ಅನ್ನಲ್ಲ. ಆದ್ರೆ ನಗಲ್ಲ. ನಗೋರು ಇಲ್ದೆ ನಾನ್ ಯಾರಿಗ್ ಕಥೆ ಹೇಳ್ಲಿ?”

ಅವನು ಆಗಲೇ ಎದ್ದು ಹೋಗಿ ಚೌಕಟ್ಟು ಕೆಳಗಿಳಿಸಬೇಕಿತ್ತು. ಸೂಪರ್‌ವೈಸರನ ಮರ್ಯಾದೆ ಅಡ್ಡ ಬಂತು. ತಿಂಗಳು ಮುಗಿಯುವುದರೊಳಗೆ ಅಕ್ಕ ಕೆಲಸ ಬಿಟ್ಟಳು. ಜಗಳವಿಲ್ಲ, ದೂರಿಲ್ಲ. ಏಪ್ರನ್ ಒಗೆದು, ಇಸ್ತ್ರಿ ಮಾಡಿ, ಅವನ ಮೇಜಿನ ಮೇಲಿಟ್ಟು ಹೋಗಿದ್ದಳು.

ನಾಲ್ಕು ದಿನ ಮುನಿಸಿಕೊಂಡಿದ್ದು ಆಮೇಲೆ ಬರುತ್ತಾಳೆ ಅಂದುಕೊಂಡ. ಬರಲಿಲ್ಲ. ಅತ್ತ ಶೀಟುಗಳು ವಾಪಸು ಬರತೊಡಗಿದವು, ರೇಡಿಯೋಳ ಎದುರು ಯಾರನ್ನು ನಿಲ್ಲಿಸಿದರೂ ಹೊಂದಲಿಲ್ಲ. ಆದರೆ ತಮ್ಮನನ್ನು ಒಳಗೊಳಗೇ ತಿಂದದ್ದು ಶೀಟುಗಳಲ್ಲ. ಇಷ್ಟು ವರ್ಷದಲ್ಲಿ ಅಕ್ಕನಿಗೆ ಒಂದು ಒಳ್ಳೆಯ ಮಾತು ಹೇಳಿದ್ದು ಅವನಿಗೆ ನೆನಪಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎನ್ನುವ ಹಾಗೆ, ಅಕ್ಕನಿಗೆ ಏನು ಹೇಳುವುದು ಎಂದುಕೊಂಡು ಸುಮ್ಮನಿದ್ದ. ಕೊನೆಗೆ ಬಾಯಿ ಬಿಟ್ಟಾಗ ಆಡಿದ್ದು ಆ ಮಾತು.

ರಜೆಯ ದಿನ ಅವಳ ಮನೆಗೆ ಹೋದ. ಅವಳು ಕುಕ್ಕರಿನ ಮುಚ್ಚಳ ತೆಗೆಯುತ್ತಿದ್ದಳು. “ಬಾರೋ, ಊಟದ ಹೊತ್ತಿಗ್ ಸರಿಯಾಗಿ ಬಂದೆ” ಎಂದಳು. ದನಿಯಲ್ಲಿ ಕೊಂಕೇ ಇರಲಿಲ್ಲ. ಸಿಟ್ಟಿದ್ದಿದ್ದರೆ ಕಾಲು ಹಿಡಿದಾದರೂ ಕರೆತರುತ್ತಿದ್ದ. ಈಗ ಕೈ ತೊಳೆದುಕೊಂಡು ಬಂದ.

ತಟ್ಟೆಯ ಮುಂದೆ ಕೂತ ಮೇಲೆ ಹೇಳಿದ. “ಅಕ್ಕಾ, ಅವತ್ತು ಸುಳ್ಳು ಹೇಳ್ದೆ. ನಿನ್ ಕೈನೇ ಚುರುಕು. ನಂಗ್ ಗೊತ್ತಿತ್ತು.”

“ನಿಂಗ್ ಗೊತ್ತಿತ್ತು ಅನ್ನೋದು ನಂಗೂ ಗೊತ್ತಿತ್ತು ಕಣೋ. ಗೊತ್ತಿಲ್ದೆ ಹೇಳಿದ್ರೆ ನಕ್ಕು ಸುಮ್ನಾಗ್ತಿದ್ದೆ.”

“ವಾಪಸ್ ಬಾ. ಎಲ್ರ ಮುಂದೆ ನಿಜ ಹೇಳ್ತೀನಿ.”

“ಹೇಳಿದ್ರೆ ಅವ್ಳು ಮುಖ ಎಲ್ಲಿಟ್ಕೋತಾಳೆ?” ಅಕ್ಕ ಬಡಿಸುತ್ತಲೇ ಕೇಳಿದಳು. “ಇಷ್ಟು ವರ್ಷ ಇಬ್ರಲ್ಲಿ ಯಾರು ಹೆಚ್ಚು ಯಾರು ಕಮ್ಮಿ ಅನ್ನೋದೇ ನಮ್ ತಲೇಲಿ ಇರ್ಲಿಲ್ಲ. ನೀನ್ ತಂದ್ ಹಾಕ್ದೆ. ಈಗ ನೀನೇ ಬಂದು ತೆಗೀತೀನಿ ಅಂದ್ರೂ ಹೋಗಲ್ಲ ಅದು.”

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅಂದ ಹಾಗಾಗಿತ್ತು ಅವನ ಪಾಡು. ಮಾತಿಗೆ ಮಾತು ಬೇಕಲ್ಲ ಎಂದು, “ಈಗೆಲ್ಲಿ ಕೆಲ್ಸ?” ಎಂದು ಕೇಳಿದ.

“ಆಸ್ಪತ್ರೆ ಬಟ್ಟೆ ಒಗೆಯೋ ಕಡೆ. ಅಲ್ಲಿ ಮೆಷಿನ್ನೇ ಮಡಿಸ್ತದೆ, ನಾನು ಜೋಡಿಸಿಡೋದು. ಬಾಯಿಗಂತೂ ಕೆಲ್ಸ ಇಲ್ಲ.”

“ಸೂಪರ್‌ವೈಸರ್ ಹೇಗೆ?”

“ಪಾಪ, ಒಳ್ಳೇವ್ನೇ. ನಾನ್ ಯಾರು, ಏನ್ ಮಾಡ್ತೀನಿ ಅಂತ ಇನ್ನೂ ಅವ್ನಿಗೆ ಗೊತ್ತೇ ಇಲ್ಲ.” ಅಕ್ಕ ಸೌಟನ್ನು ಪಾತ್ರೆಯಲ್ಲಿಟ್ಟಳು. “ಇರ್ಲಿ ಬಿಡು. ಹೊರಗಿನವ್ನು ನೋಡ್ದೆ ಹೋದ್ರೆ ನೋವಾಗಲ್ಲ.”

ಹಾಗೆಂದು ಅವನ ತಟ್ಟೆಯನ್ನು ಹತ್ತಿರಕ್ಕೆಳೆದುಕೊಂಡು ಇನ್ನಷ್ಟು ಬಡಿಸಿದಳು.