ಊಟದ ಹೊತ್ತಿನ ಕ್ರಿಯಾಪದ

ಈ ಪದದಲ್ಲಿ ಬ್ರೆಡ್ ಎಲ್ಲಿಂದ ಬಂತು? ಇಲ್ಲ, ಬ್ಯೊಂಗ್‌ಚಾನ್ ಅಣ್ಣ ಬೇಕೆಂದೇ ತಪ್ಪು ಹೇಳಿಕೊಡುತ್ತಿರಬೇಕು ಎಂದುಕೊಂಡ ತೇಗಿಲ್. ಚಮಚ ಕೈಯಲ್ಲೇ ಉಳಿಯಿತು.

"ಅಕಂಪನಿ ಅಂದ್ರೆ ಜೊತೆಗೆ ಹೋಗು. ಲ್ಯಾಟಿನ್‌ನಲ್ಲಿ ಕಾಮ್ ಅಂದ್ರೆ ಜೊತೆ, ಪಾನಿಸ್ ಅಂದ್ರೆ ಬ್ರೆಡ್. ಒಂದೇ ಬ್ರೆಡ್ ಹಂಚ್ಕೊಂಡು ತಿನ್ನೋನೇ ಜೊತೆಗಾರ. ಬರ್ಕೊಳೋ. ನನ್ನ ಮುಖದಲ್ಲೇನು ಕಿಮ್ಚಿ ಅಂಟಿದ್ಯಾ?"

ತೇಗಿಲ್ ಬರೆದುಕೊಂಡ. ಪಕ್ಕದಲ್ಲಿ ಪ್ರಶ್ನೆಚಿಹ್ನೆ ಹಾಕಿದ.

ನೊರ್ಯಾಂಗ್‌ಜಿನ್‌ನ ಸರ್ಕಾರಿ ಪರೀಕ್ಷೆಗಳ ಕೋಚಿಂಗ್ ಬೀದಿಯಲ್ಲಿ ಒಂಟಿಯಾಗಿ ಉಣ್ಣಲಾರದವರು ಊಟಕ್ಕಷ್ಟೇ ಜೊತೆ ಕಟ್ಟಿಕೊಳ್ಳುತ್ತಾರೆ. ಊರು ಯಾವುದು, ಯಾವ ಹುದ್ದೆಗೆ ಅರ್ಜಿ ಎಂದು ಯಾರೂ ಕೇಳುವುದಿಲ್ಲ. ಇವರಿಬ್ಬರದು ಬೀದಿಬದಿ ಅಂಗಡಿಯಲ್ಲಿ ಇಪ್ಪತ್ತು ನಿಮಿಷದ ಊಟ, ದಿನಕ್ಕೊಂದು ಇಂಗ್ಲಿಷ್ ಕ್ರಿಯಾಪದ, ಅದರ ಮೂಲ. ಸರದಿಯ ಮೇಲೆ ಒಬ್ಬ ಹೇಳಬೇಕು, ಇನ್ನೊಬ್ಬ ಬರೆದುಕೊಳ್ಳಬೇಕು. ಎರಡು ತಿಂಗಳಿಂದ ಹೀಗೇ ನಡೆದಿತ್ತು.

ಆದರೆ ನಿನ್ನೆ ಅಣ್ಣನ ಪುಸ್ತಕದಿಂದ ಪರೀಕ್ಷೆಯ ಪ್ರವೇಶಪತ್ರ ಜಾರಿ ಬಿದ್ದಿತ್ತು. ತೇಗಿಲ್ ಅರ್ಜಿ ಹಾಕಿದ್ದ ಜಿಲ್ಲೆಯೇ, ಅದೇ ಗುಮಾಸ್ತೆ ಹುದ್ದೆ. ಖಾಲಿ ಇದ್ದದ್ದು ಒಂದು. ತೇಗಿಲ್‌ಗೆ ಇದು ನಾಲ್ಕನೆಯ ಪ್ರಯತ್ನ. ಮನೆಯವರು ಒಪ್ಪಿದ ಕೊನೆಯದು.

ಮರುದಿನ ಅವನ ಸರದಿ.

"ಅಬೇಟ್," ಎಂದ. "ಅಂದ್ರೆ ಜಾಸ್ತಿಯಾಗು."

"ಮೂಲ?"

"ಹಳೇ ಫ್ರೆಂಚ್. ಬಡಿಯೋದು ಅಂತ. ಡೋಲು ಬಡಿದಷ್ಟೂ ಸದ್ದು ಏರುತ್ತಲ್ಲ ಅಣ್ಣ, ಹಾಗೆ."

"ಭೇಷ್. ನೀನು ಈ ಪರೀಕ್ಷೆ ಬಿಟ್ಟು ಮೇಷ್ಟ್ರಾಗೋ." ಅಣ್ಣ ನಿಘಂಟು ತೆರೆಯಲಿಲ್ಲ. ದುಂಡಗಿನ ಅಕ್ಷರದಲ್ಲಿ ಬರೆದುಕೊಂಡು ಕೆಳಗೆ ಗೆರೆ ಎಳೆದ.

ಅಷ್ಟು ಸುಲಭವಾಗಿ ನಂಬಿದ್ದೇ ತೇಗಿಲ್‌ಗೆ ಅನುಮಾನ ಹುಟ್ಟಿಸಿತು. ನಟನೆ ಇರಬಹುದು. ಮಧ್ಯಾಹ್ನ ವಾಚನಾಲಯದಲ್ಲಿ ದಪ್ಪ ನಿಘಂಟು ತೆಗೆದ. ಅಕಂಪನಿಯ ಮೂಲದಲ್ಲಿ ಬ್ರೆಡ್ ಇತ್ತು. ತನ್ನ ನೋಟ್‌ಬುಕ್‌ನ ಹಿಂದಿನ ಪುಟಗಳಿಗೆ ಹೋದ. ಅಣ್ಣ ಹೇಳಿದ ಇಪ್ಪತ್ತಾರು ಕ್ರಿಯಾಪದಗಳನ್ನೂ ಒಂದೊಂದಾಗಿ ನೋಡಿದ, ಒಂದಾದರೂ ತಪ್ಪಿರಲಿ ಎಂದು ಬಯಸುತ್ತ. ಒಂದೂ ತಪ್ಪಿರಲಿಲ್ಲ.

ಮರುದಿನ ಅಣ್ಣ ಅನ್ನ ಮುಗಿಸಿ ಕಾಗದದ ಬಟ್ಟಲು ಮಡಿಚಿದ.

"ಪರೀಕ್ಷೆಗೆ ಇನ್ನು ವಾರ. ನಾಳೆಯಿಂದ ಬರಲ್ಲ ಕಣೋ, ರೂಮಲ್ಲೇ ಓದ್ಕೋತೀನಿ. ಏನೋ, ನಾಲಿಗೆ ಸುಟ್ಕೊಂಡಿದ್ಯಾ? ಸಾರು ಅರ್ಧಕ್ಕೇ ಬಿಟ್ಟಿದ್ಯ."

"ಏನಿಲ್ಲ ಅಣ್ಣ. ಸಾರು ಬಿಸಿ ಇತ್ತು."

"ಊದ್ಕೊಂಡು ಕುಡಿ. ಪ್ರಶ್ನೆಪತ್ರಿಕೆನೂ ಹಾಗೇ, ಆತುರ ಬೇಡ."

ಅಣ್ಣ ಚೀಲ ಹೆಗಲಿಗೇರಿಸಿ ರಸ್ತೆ ದಾಟುವ ಸೇತುವೆಯ ಮೆಟ್ಟಿಲು ಹತ್ತಿದ. ತೇಗಿಲ್ ಅರ್ಧ ಮೆಟ್ಟಿಲುಗಳವರೆಗೆ ಹಿಂದೆ ಹೋದ, ನಿಂತ.

ಅಬೇಟ್ ಎಂದರೆ ಕಡಿಮೆಯಾಗು ಎಂದು ಅವನು ಅಣ್ಣನಿಗೆ ಹೇಳಲೇ ಇಲ್ಲ.