ಶಾರದೆಯ ಮುಂದೆ ಕೂತ ಹಿಮನದಿ

ಎಂಬತ್ತೊಂದನೆಯ ಇಸವಿಯ ನವರಾತ್ರಿ. ಪುಣೆಯ ಬಸ್ಸು ಶಾಮಲಾಳನ್ನು ಶಿಗ್ಗಾಂವಿಯ ಸ್ಟ್ಯಾಂಡಿನಲ್ಲಿ ಇಳಿಸಿ ಹೋದಾಗ ಇನ್ನೂ ಸರಿಯಾಗಿ ಬೆಳಗಾಗಿರಲಿಲ್ಲ. ಒಂದು ಕೈಯಲ್ಲಿ ಅರಿವೆಯ ಚೀಲ, ಇನ್ನೊಂದರಲ್ಲಿ ತಗಡಿನ ಪೆಟ್ಟಿಗೆ. ಪೆಟ್ಟಿಗೆಯ ಭಾರ ಹೊತ್ತವರಿಗೇ ಗೊತ್ತು. ಅದರ ತುಂಬ ತೂತು ಕೊರೆದ ಕಾರ್ಡುಗಳಿದ್ದವು, ಕಂಪ್ಯೂಟರು ಓದುವಂಥವು. ಆ ಕಾರ್ಡುಗಳಲ್ಲಿ ಹಿಮಾಲಯದ ಒಂದು ಹಿಮನದಿ ಇತ್ತು.

ನಂಬದವರು ನಂಬದಿರಲಿ. ಪುಣೆಯ ಸಂಸ್ಥೆಯೊಂದರಲ್ಲಿ ಆರು ವರ್ಷ ಕೂತು ಆಕೆ ಮಾಡಿದ್ದು ಇಷ್ಟೇ: ಆ ಹಿಮನದಿಯನ್ನು ಕಬ್ಬಿನ ಗಣಿಕೆಯಂತೆ ಉದ್ದಕ್ಕೂ ತುಂಡು ಮಾಡಿಕೊಂಡು, ಯಾವ ತುಂಡಿಗೆ ವರ್ಷಕ್ಕೆ ಎಷ್ಟು ಹಿಮ ಬೀಳುತ್ತದೆ, ಎಷ್ಟು ಕರಗುತ್ತದೆ, ಮೇಲಿನಿಂದ ಕೆಳಕ್ಕೆ ಎಷ್ಟು ಜಾರುತ್ತದೆ ಎಂದು ಲೆಕ್ಕ ಕಟ್ಟಿದ್ದು. ಇಷ್ಟನ್ನು ಉಣಿಸಿದರೆ ಕಂಪ್ಯೂಟರು ಇನ್ನೂರು ವರ್ಷಗಳನ್ನು ಕೆಲವೇ ತಾಸಿನಲ್ಲಿ ಓಡಿಸಿ ತೋರಿಸುತ್ತದೆ. ಆಕೆಗೆ ಬೇಕಾದದ್ದು ಒಂದೇ ಉತ್ತರ. ಗಾಳಿ ಎರಡು ಡಿಗ್ರಿ ಬಿಸಿಯಾಗಿ ಅಲ್ಲಿಗೇ ನಿಂತರೆ, ಹಿಮನದಿ ಕರಗುವುದೂ ನಿಲ್ಲುತ್ತದೆಯೆ?

ಈ ಉತ್ತರ ಬೇರೆ ಯಾರಿಗೂ ಬೇಕಾಗಿರಲಿಲ್ಲ ಬಿಡಿ. ಸಂಸ್ಥೆಯ ದೊಡ್ಡವರು, "ಮಳೆ ಯಾವಾಗ ಅಂತ ಹೇಳಿದರೆ ಸಾಕು, ಹಿಮ ಕಟ್ಟಿಕೊಂಡು ನಮಗೇನು?" ಎಂದು ಮೂಗು ಮುರಿದಿದ್ದರು. ಡಿಸೆಂಬರಿಗೆ ಆ ಕೆಲಸಕ್ಕೇ ಬಾಗಿಲು ಹಾಕುವವರಿದ್ದರು. ಅಷ್ಟು ಲೆಕ್ಕ ಓಡಿಸುವ ದೊಡ್ಡ ಯಂತ್ರ ಇದ್ದದ್ದು ಬೆಂಗಳೂರಿನಲ್ಲಿ. ಕಾಡಿ ಬೇಡಿದ ಮೇಲೆ ಅಲ್ಲಿಯವರು ಕೊಟ್ಟದ್ದು ವಿಜಯದಶಮಿಯ ಒಂದು ಹಗಲು. ಹಬ್ಬದ ದಿನ ಯಾರೂ ಬರುವುದಿಲ್ಲ, ಬೇಕಿದ್ದರೆ ಬಾ, ತಪ್ಪಿದರೆ ಇನ್ನು ಕೇಳಬೇಡ ಎಂದಿದ್ದರು. ಹೇಗೂ ದಾರಿಯಲ್ಲೇ ಅಣ್ಣ ವಾದಿರಾಜನ ಮನೆ. ಅವ್ವನನ್ನು ನೋಡಿ, ಎರಡು ದಿನ ಬೆನ್ನು ನೆಲಕ್ಕೆ ಹಚ್ಚಿ ಮುಂದೆ ಹೋದರಾಯಿತು ಎಂದು ಇಳಿದಳು.

ಬಾಗಿಲು ತೆರೆದವಳು ಅವ್ವ ಗೋಪಿಕಾಬಾಯಿಯೇ. "ಬಾರವಾ. ಏನಿಷ್ಟು ಸೊರಗೀದಿ? ಊಟ ಗೀಟ ಮಾಡ್ತೀಯೊ ಇಲ್ಲೊ?" ಎನ್ನುತ್ತ ಪೆಟ್ಟಿಗೆ ಇಸಿದುಕೊಂಡು ಮಂಚದ ಕೆಳಗೆ ತಳ್ಳಿದಳು. ಶಾಮಲಾ ಸ್ನಾನ ಮಾಡಿ, ಉಂಡು, ಮಲಗಿದಳು. ಅದೇನು ನಿದ್ದೆಯೋ! ಉಣ್ಣಲು ಎಬ್ಬಿಸಿದರೆ ಎದ್ದಳು, ಉಂಡು ಮತ್ತೆ ಮಲಗಿದಳು. ಆರು ವರ್ಷದ ದಣಿವು ಎರಡು ದಿನದಲ್ಲಿ ತೀರುವಂಥದ್ದಾಗಿರಲಿಲ್ಲ.

ನವಮಿಯ ಮಧ್ಯಾಹ್ನ ಸಂಜೆಯ ಬಸ್ಸಿಗೆಂದು ಚೀಲ ಕಟ್ಟಿ, ಮಂಚದ ಕೆಳಗೆ ಬಗ್ಗಿ ನೋಡಿದಳು. ಪೆಟ್ಟಿಗೆ ಇಲ್ಲ.

"ಅವ್ವಾ, ನನ್ನ ಪೆಟಿಗಿ ಎಲ್ಲದ?"

ಅವ್ವನ ಮುಖ ಅರಳಿತು. "ಎಲ್ಲಿರಬೇಕೋ ಅಲ್ಲೇ ಅದ. ಬಾ, ತೋರಸ್ತೇನಿ."

ದೇವರಮನೆಯಲ್ಲಿ ಮಣೆಯ ಮೇಲೆ ರೇಷ್ಮೆ ವಸ್ತ್ರದಲ್ಲಿ ಸುತ್ತಿದ, ತೀರಿಹೋದ ಅಪ್ಪನ ಗ್ರಂಥಗಳಿದ್ದವು. ಅವುಗಳ ಮೇಲೆ, ಎಲ್ಲಕ್ಕಿಂತ ಎತ್ತರದಲ್ಲಿ, ಆಕೆಯ ತಗಡಿನ ಪೆಟ್ಟಿಗೆ. ಅದಕ್ಕೆ ಕುಂಕುಮ, ಸೇವಂತಿಗೆ ಹೂ, ಮುಚ್ಚಳದ ತುಂಬ ಅಕ್ಷತೆ. ಮೂಲಾ ನಕ್ಷತ್ರದ ದಿನ ಸರಸ್ವತಿಯೆಂದು ಕೂಡಿಸಿದ ಪುಸ್ತಕಗಳನ್ನು ದಶಮಿಯ ಶ್ರವಣಾ ನಕ್ಷತ್ರದಲ್ಲಿ ಪೂಜೆ ಮುಗಿಸಿ ಎಬ್ಬಿಸುವವರೆಗೆ ಯಾರೂ ಮುಟ್ಟುವಂತಿಲ್ಲ, ತೆರೆಯುವಂತಿಲ್ಲ. ಆ ಮನೆಯಲ್ಲಿ ಹುಟ್ಟಿದ ಆಕೆಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ವಾದಿರಾಜಗ ನಾನ ಹೇಳಿ ಇಡಸೇನಿ," ಅಂದಳು ಅವ್ವ. "ನೀ ಸಣ್ಣಾಕಿದ್ದಾಗ ಹಿಂಗ ನವರಾತ್ರ್ಯಾಗ ನಿನ್ನ ಗಣಿತದ ಪುಸ್ತಕ ತಂದು ಕೊಟ್ಟಿದ್ದಿ. ನಿಮ್ಮಪ್ಪ, ಹೆಣ್ಣುಡುಗರ ಪುಸ್ತಕ ಇಲ್ಲಿ ಬ್ಯಾಡ ಅಂದ್ರು. ನೀ ಒಂದ ಮಾತೂ ಆಡದ ಒಳಗ ಹೋದಿ. ನಂಗ ಅದು ಇಷ್ಟು ವರ್ಷ ಮನಸಿನ್ಯಾಗ ಚುಚ್ಚತನ ಇತ್ತು ನೋಡು."

ಇದನ್ನು ಕೇಳಿದ ಮೇಲೆ ಬೈಯಲಾಗದೆ ಶಾಮಲಾ ಮೆಲ್ಲಗೆ, "ಅವ್ವಾ, ಇವತ್ತ ಸಂಜಿಗೆ ನಂಗ ಇದು ಬೇಕು. ನಾಳೆ ಮುಂಜಾನೆ ಬೆಂಗಳೂರಾಗ ಇರಬೇಕು," ಅಂದಳು.

"ನಾಳೆ ಪೂಜಾ ಮುಗಿಸಿ ತೊಗೊಂಡ್ ಹೋಗು. ಒಂದ ದಿನದಾಗ ಏನ್ ಮುಳಗತದ?"

"ನಂಗ ಕೊಟ್ಟದ್ದ ಅದೊಂದ ದಿನ ಅವ್ವಾ."

ಪಡಸಾಲೆಯಲ್ಲಿ ಅಂಗಿ ತೊಡುತ್ತಿದ್ದ ವಾದಿರಾಜ ಅಲ್ಲಿಂದಲೇ ಕೂಗಿದ. ಅವನು ವಕೀಲ, ಮನೆಯಲ್ಲೂ ಕೋರ್ಟಿನ ದನಿ. "ಮೂಲಾಕ್ಕ ಕೂತದ್ದು ಶ್ರವಣಾಕ್ಕನ ಏಳೋದು. ನೀ ದಿಲ್ಲಿಗೆ ಹೋಗಿ ಅಪೀಲು ಮಾಡಿದ್ರೂ ಇದಕ್ಕ ಸ್ಟೇ ಸಿಗಂಗಿಲ್ಲ ತಂಗಿ." ತಾನಾಡಿದ್ದಕ್ಕೆ ತಾನೇ ನಕ್ಕು, ಹೆಂಡತಿಯನ್ನು ಕರೆದುಕೊಂಡು ಸವಣೂರಿನ ಮಠಕ್ಕೆ ಹೊರಟುಹೋದ.

ಶಾಮಲಾ ದೇವರಮನೆಯ ಹೊಸ್ತಿಲ ಹೊರಗೆ ಕುಸಿದು ಕೂತಳು. ಕೈ ಚಾಚಿದರೆ ಪೆಟ್ಟಿಗೆ. ಮುಟ್ಟಿದರೆ ಕಣ್ಣು ಹೋಗುತ್ತದೆ ಎಂಬ ಭಯದ ವಯಸ್ಸು ದಾಟಿ ಎಷ್ಟೋ ವರ್ಷವಾಗಿತ್ತು. ಆದರೆ ಚಿಕ್ಕಂದಿನಲ್ಲಿ ಸಿಗದ ಜಾಗ ಈಗ ಸಿಕ್ಕಿದೆ, ಅದೂ ಅಪ್ಪನ ಗ್ರಂಥಗಳ ಮೇಲೆ. ಅಲ್ಲಿಂದ ಕಿತ್ತುಕೊಂಡು ಹೋಗುವ ಕೈಯೂ ತನ್ನದೇ ಆಗಬೇಕೆ? ಆಕೆಗೆ ಸಿಟ್ಟು ಬಂತು, ಅಳು ಬಂತು, ಎರಡಕ್ಕೂ ತ್ರಾಣ ಸಾಲದೆ ಗೋಡೆಗೆ ಒರಗಿದಳು.

ಅವ್ವ ಬಂದು ಪಕ್ಕದಲ್ಲಿ ಕೂತಳು. "ಅದರಾಗ ಏನದವಾ ಅಂಥಾದ್ದು?"

ಶಾಮಲಾ ಹೇಳಿದಳು. ಪುಣೆಯ ದೊಡ್ಡವರಿಗೆ ಹೇಳುವಾಗ ಬರುತ್ತಿದ್ದ ಬೇಸರ ಬರಲಿಲ್ಲ. ಅವ್ವ ನಡುನಡುವೆ ಕೇಳುತ್ತಿದ್ದಳು, ಅರ್ಥವಾಗದಿದ್ದರೆ ಮತ್ತೆ ಕೇಳುತ್ತಿದ್ದಳು.

"ನೀ ನಾಳೆ ಹೋಗಲಿಲ್ಲಂದ್ರ ಆ ಹಿಮ ಕರಗೋದು ನಿಲ್ತದೇನು?"

"ಇಲ್ಲವ್ವಾ. ಅದರ ಪಾಡಿಗೆ ಅದು ಕರಗತನ ಇರತದ. ಎಲ್ಲೀತನಾ ಅಂತ ನಮಗ ಗೊತ್ತಾಗಂಗಿಲ್ಲ, ಅಷ್ಟ."

ಗೋಪಿಕಾಬಾಯಿ ಎದ್ದು ಹೋದಳು. ಬಚ್ಚಲಲ್ಲಿ ನೀರು ಸುರಿದುಕೊಂಡ ಸದ್ದಾಯಿತು. ಒದ್ದೆ ಸೀರೆಯಲ್ಲೇ ಬಂದವಳು ಕೈ ಮುಗಿದು, ಬಾಯಲ್ಲಿ ಏನೋ ಅಂದುಕೊಂಡು, ಪೆಟ್ಟಿಗೆಯನ್ನು ಎರಡೂ ಕೈಯಿಂದ ಎತ್ತಿದಳು.

"ಅವ್ವಾ!"

"ವಾದಿರಾಜ ಬರೂದ್ರಾಗ ಬಸ್ ಹತ್ತು. ಅವಗ ನಾ ಹೇಳ್ಕೋತೇನಿ. ದೇವಿಗೂ ನಾನ ಹೇಳ್ಕೋತೇನಿ."

ಬೆಂಗಳೂರಿನಲ್ಲಿ ಯಂತ್ರ ನೋಡಿಕೊಳ್ಳುತ್ತಿದ್ದವನು ಭರಮಪ್ಪ, ಹಂಸಭಾವಿಯವನು. ಹಿಂದಿನ ದಿನದ ಆಯುಧಪೂಜೆಗೆ ಅವನೂ ಯಂತ್ರಕ್ಕೆ ಚೆಂಡುಹೂವಿನ ಮಾಲೆ ಹಾಕಿದ್ದ. ಕಾರ್ಡುಗಳನ್ನು ಓದಿಸಲು ಇಟ್ಟು ಗುಂಡಿ ಒತ್ತಿದ್ದೇ ತಡ, ಯಂತ್ರ ಕರಕರ ಹಲ್ಲು ಕಡಿದು ನಿಂತಿತು.

"ಬಾಯಾರ, ಏನ್ರಿ ಇದು! ಕಾರ್ಡಿನ್ಯಾಗಿಂದ ಅಕ್ಕಿಕಾಳು ಬರಾಕತ್ತಾವಲ್ರಿ!"

ಹಸಿ ಅಕ್ಷತೆ ಮುಚ್ಚಳದ ಸಂದಿನಿಂದ ಇಳಿದು, ಮೇಲಿನ ಕಾರ್ಡುಗಳು ಅರಿಶಿನ ಕುಡಿದು ಉಬ್ಬಿದ್ದವು. ಭರಮಪ್ಪ ಯಂತ್ರದ ಬಾಯಿಂದ ಕಾಳು ಆರಿಸಿದ. ಶಾಮಲಾ ಕೆಟ್ಟ ಕಾರ್ಡುಗಳನ್ನು ಒಂದೊಂದಾಗಿ ಹೊಸದಾಗಿ ಕೊರೆದಳು. ಬೆನ್ನು ಹಿಡಿದುಕೊಂಡಿತು, ಬೆರಳು ಮರಗಟ್ಟಿದವು, ಒಬ್ಬರ ಮೇಲೂ ಸಿಟ್ಟು ಮಾಡಲು ಆಗಲಿಲ್ಲ. ಮಧ್ಯಾಹ್ನ ಇಳಿದ ಮೇಲೆ ಲೆಕ್ಕ ಶುರುವಾಯಿತು. ಹೊತ್ತು ಮುಳುಗುವಾಗ ಕಾಗದ ಮಡಿಕೆ ಮಡಿಕೆಯಾಗಿ ಹೊರಬಂತು.

ನಿಂತುಕೊಂಡೇ ಓದಿದಳು. ಗಾಳಿ ಬಿಸಿಯಾಗುವುದು ನಿಂತಿತ್ತು, ಹಿಮ ಕರಗುವುದು ನಿಂತಿರಲಿಲ್ಲ. ತುದಿಯ ತುಂಡು ಖಾಲಿ, ಅದರ ಮೇಲಿನದು ಖಾಲಿ, ಮತ್ತೆ ಅದರ ಮೇಲಿನದು. ಹಿಂದೆ ತಿಂದ ಸೆಕೆಗೆ ಅದು ಮೊಮ್ಮಕ್ಕಳ ಕಾಲದಲ್ಲೂ ಕರಗುತ್ತಲೇ ಇತ್ತು. ಎಲ್ಲೋ ತಪ್ಪಿರಬೇಕೆಂದು ಮತ್ತೆ ಮತ್ತೆ ತಿರುವಿ ನೋಡಿದಳು. ತಪ್ಪಿರಲಿಲ್ಲ. ಆರು ವರ್ಷದ ಕೆಲಸ ಸರಿ ಬಂದಿತ್ತು, ಕುಣಿಯಬೇಕಿತ್ತು. ಸುಡಲಿ, ಕುಣಿಯುವ ಮನಸ್ಸು ಎಲ್ಲಿಂದ ತರಬೇಕು? ಕಾಗದ ಮಡಚಿಕೊಂಡು ಬಸ್ಸಿಗೆ ಬಂದಳು.

ಮರುದಿನ ಏಕಾದಶಿ. ಶಿಗ್ಗಾಂವಿಯ ಮನೆಯಲ್ಲಿ ಒಲೆ ಹಚ್ಚಿರಲಿಲ್ಲ. ವಾದಿರಾಜ ಅವ್ವನ ಜೊತೆ ಮಾತು ಬಿಟ್ಟಿದ್ದ. ಅವ್ವ ಕಟ್ಟೆಯ ಮೇಲೆ ಕಾದು ಕೂತಿದ್ದಳು.

"ಆತೇನವಾ?"

"ಆತು."

"ಏನ್ ಬಂತು?"

ಸುಳ್ಳು ಹೇಳಬಹುದಿತ್ತು. ದಣಿದವರಿಗೆ ಸುಳ್ಳೂ ಬೇಗ ಹೊಳೆಯುವುದಿಲ್ಲ. "ಸೆಕಿ ನಿಂತರೂ ಅದು ಕರಗೋದು ನಿಲ್ಲಂಗಿಲ್ಲವ್ವಾ," ಅಂದುಬಿಟ್ಟಳು.

ಅವ್ವ ಒಳಗೆ ದೇವರಮನೆಯ ಕಡೆ ತಿರುಗಿ ಅಂದಳು: "ನಂದ ತಪ್ಪು. ಕೂತಾಕಿನ್ನ ನಡುವ ಎಬ್ಬಿಸಿದೆ. ಅದಕ್ಕ ಹಂಗ ಬಂತು."

ಶಾಮಲಾಗೆ ಮೊದಲು ನಗು ಬಂತು. ಅವ್ವನ ಕಣ್ಣು ನೋಡಿದ ಮೇಲೆ ಅದು ಅಲ್ಲೇ ಅಡಗಿತು. "ಹುಚ್ಚಿ ಇದ್ದೀಯೇನವ್ವಾ? ನಿನ್ನ ಪೂಜಾಕ್ಕೂ ಅದಕ್ಕೂ ಏನ್ ಸಂಬಂಧ? ಅದು ಕಲ್ಲಿದ್ದಲು, ಎಣ್ಣಿ ಸುಟ್ಟ ಹೊಗೀಲಿಂದ ಆಗೋದು."

"ಸುಟ್ಟವರು ಯಾರು?"

ಶಾಮಲಾ ಲೆಕ್ಕ ಹಾಕಿದಳು. ಯಾವ ಯಾವ ದೇಶ, ಎಷ್ಟು ಗಿರಣಿ, ಎಷ್ಟು ರೈಲು, ಈಗ ತಾನು ಇಳಿದು ಬಂದ ಬಸ್ಸು. ಯಾರ ಹೆಸರು ಹಿಡಿಯಬೇಕು? "ಎಲ್ಲಾರೂ ಅವ್ವಾ," ಅಂದಳು.

"ಎಲ್ಲಾರೂ ಅಂದ್ರ ಯಾರೂ ಅಲ್ಲಂದಂಗ ಆತು." ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. "ಅಷ್ಟು ದೊಡ್ಡ ಹಿಮ ಹೊಂಟದ ಅಂತಿ. ಯಾರರ ಒಬ್ಬರು ನಂದ ತಪ್ಪು ಅನ್ನಬ್ಯಾಡೇನು?"

ಮರುದಿನ ದ್ವಾದಶಿ. ಉಪವಾಸ ಬಿಡಲು ಮನೆಯವರೆಲ್ಲ ನಸುಕಿನಲ್ಲೇ ಎಲೆಯ ಮುಂದೆ ಕೂತರು. ಗೋಪಿಕಾಬಾಯಿ ಏಳಲಿಲ್ಲ. ಮಾತು ಬಿಟ್ಟಿದ್ದ ವಾದಿರಾಜನೇ ಬಂದು, "ಏಳವ್ವಾ, ಪಾರಣಿ ತಪ್ಪಸಬಾರದು," ಎಂದು ಗೋಗರೆದರೂ ಏಳಲಿಲ್ಲ.

"ನಿನ್ನಿ ಉಪಾಸ ಏಕಾದಶೀದು," ಅಂದಳು. "ಇವತ್ತಿಂದು ಆ ಹಿಮದ್ದು. ನೀವು ಉಣ್ರಿ."

ಶಾಮಲಾ ಕಲಸಿದ ಅನ್ನವನ್ನು ಎಲೆಯಲ್ಲೇ ಬಿಟ್ಟು ಎದ್ದು ಹೋಗಿ ಅವ್ವನ ಪಕ್ಕದಲ್ಲಿ ಕೂತಳು.